ಕಲ್ಲುಕಂಬದ ಋಣ

2021ರ ನವೆಂಬರ್ 9ರಂದು ರಾಷ್ಟ್ರಪತಿ ಭವನದಲ್ಲಿ ಪದ್ಮ ಪ್ರಶಸ್ತಿ ಪ್ರದಾನ ನಡೆದಿತ್ತು. ಕುರುಗೋಡು ತಾಲ್ಲೂಕಿನ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿ ತಮ್ಮ ಹೆಸರು ಕರೆದಾಗ ಎದ್ದು ಬಂದರು. ಪದ್ಮಶ್ರೀ ಸ್ವೀಕರಿಸುವ ಮುನ್ನ ಸೀರೆಯ ಸೆರಗು ಹಿಡಿದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಗೆ ದೃಷ್ಟಿ ತೆಗೆದರು. ಸಭೆಯ ಮುಖ ಅರಳಿತು, ಚಪ್ಪಾಳೆ ಬಿತ್ತು. ಕೆಲವೇ ಕ್ಷಣಗಳ ಆ ವಿಡಿಯೊ ದೇಶವೆಲ್ಲ ಸುತ್ತಿತು. ಬಳ್ಳಾರಿಯಲ್ಲಿ, ಸಿರುಗುಪ್ಪದಲ್ಲಿ, ಕುರುಗೋಡಿನಲ್ಲಿ ನಾವೆಲ್ಲ ಅದನ್ನು ಒಬ್ಬರಿಗೊಬ್ಬರು ಕಳಿಸಿಕೊಂಡು, ಇವರು ನಮ್ಮ ಸೀಮೆಯವರು ಎಂದು ಎದೆಯುಬ್ಬಿಸಿ ಹೇಳಿದೆವು.

ಹೆಮ್ಮೆ ಪಡುವುದು ತಪ್ಪಲ್ಲ. ಆದರೆ ಅದೇ ಸೆರಗು, ಅದೇ ಕೈ, ಅದೇ ದೃಷ್ಟಿ ತೆಗೆಯುವ ರೀತಿ ನಮ್ಮ ಅಂಗಡಿ ಬೀದಿಯಲ್ಲಿ ಕಂಡಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ? ಗಲ್ಲಾಪೆಟ್ಟಿಗೆಯಿಂದ ಒಂದು ನಾಣ್ಯ ತೆಗೆದು, ಕೈಗೆ ಕೈ ತಾಕದ ಹಾಗೆ ಎಸೆಯುತ್ತೇವೆ. ಎಲ್ಲಮ್ಮನ ಹೆಸರಲ್ಲಿ ಬಂದ ಜೋಗತಿ ಬೆನ್ನು ತಿರುಗಿಸಿದ ಕೂಡಲೇ ನಗುತ್ತೇವೆ. ಮಂಗಳವಾರ, ಶುಕ್ರವಾರ ದೇವಿಯ ಪಡ್ಲಿಗೆ ಹೊತ್ತು ಮನೆ ಮುಂದೆ ಬಂದವರ ಕಾಲಿಗೆ ಅಜ್ಜಿ ಬೀಳುತ್ತಾಳೆ, ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತಾಳೆ. ಮರುದಿನ ಬಸ್ ನಿಲ್ದಾಣದಲ್ಲಿ ಅದೇ ಅಜ್ಜಿಯ ಮೊಮ್ಮಗ ಅವರನ್ನು ‘ಒಂಬತ್ತು’ ಎಂದು ಕೂಗುತ್ತಾನೆ. ಈ ಎರಡೂ ನಮ್ಮ ಮನೆಗಳಲ್ಲೇ ನಡೆಯುತ್ತಿವೆ. ಹಾಗಾಗಿ ಈ ಮಾತನ್ನು ಹೊರಗಿನ ಯಾರಿಗೋ ಹೇಳುತ್ತಿಲ್ಲ. ನಮಗೇ ಹೇಳಿಕೊಳ್ಳುತ್ತಿದ್ದೇನೆ.

ಜೋಗತಿ ನೃತ್ಯವನ್ನು ನೋಡದವರು ನಮ್ಮ ಕಡೆ ಕಡಿಮೆ. ತಲೆಯ ಮೇಲೆ ಎಲ್ಲಮ್ಮನ ಮುಖವಿರುವ ಕೊಡ. ಚೌಡಿಕೆಯ ನಾದ, ಶ್ರುತಿ, ತಾಳ. ಕೊಡವನ್ನು ಕೈಯಿಂದ ಮುಟ್ಟದೆ ಅವರು ಗಿರಗಿರನೆ ತಿರುಗುತ್ತಾರೆ, ನೆಲಕ್ಕೆ ಬಾಗುತ್ತಾರೆ, ಕುಳಿತು ಏಳುತ್ತಾರೆ. ನಡುನಡುವೆ ಕಣ್ಣು ಹೊಡೆಯುತ್ತಾರೆ, ಗಂಡಸರನ್ನು ಕಿಚಾಯಿಸುತ್ತಾರೆ, ಊರ ಗೌಡನನ್ನೇ ಮಾತಿನಲ್ಲಿ ಕಟ್ಟಿಹಾಕುತ್ತಾರೆ. ಜನ ಹೊಟ್ಟೆ ಹಿಡಿದು ನಗುತ್ತಾರೆ. ಇವರಿಗೆ ನಾಚಿಕೆಯಿಲ್ಲ, ಅಂಜಿಕೆಯಿಲ್ಲ, ವಿಚಿತ್ರದ ಮಂದಿ ಎಂದು ಮಾತಾಡಿಕೊಂಡು ಮನೆಗೆ ಹೋಗುತ್ತಾರೆ. ಆಟ ಮುಗಿದ ಮೇಲೆ ಆ ವಿಚಿತ್ರದ ಮಂದಿ ಎಲ್ಲಿ ಮಲಗುತ್ತಾರೆ, ಯಾರ ಮನೆಯಲ್ಲಿ ಉಣ್ಣುತ್ತಾರೆ, ಜ್ವರ ಬಂದರೆ ತಲೆಯ ಬಳಿ ಕೂರುವವರು ಯಾರು ಎಂದು ಕೇಳುವವರಿಲ್ಲ.

ಮಂಜಮ್ಮ ತಮ್ಮ ಬದುಕನ್ನು ಮುಚ್ಚಿಟ್ಟವರಲ್ಲ. ಸಭೆಗಳಲ್ಲಿ, ಸಂದರ್ಶನಗಳಲ್ಲಿ, ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ‘ನಡುವೆ ಸುಳಿವ ಹೆಣ್ಣು’ ಎಂಬ ಆತ್ಮಕಥನದಲ್ಲಿ ಎಲ್ಲವನ್ನೂ ಬಿಚ್ಚಿಟ್ಟಿದ್ದಾರೆ. ಹುಟ್ಟಿದಾಗ ಇಟ್ಟ ಹೆಸರು ಮಂಜುನಾಥ ಶೆಟ್ಟಿ. ಹುಡುಗನಾಗಿ ಬೆಳೆದ ಮಗುವಿಗೆ ಹದಿಹರೆಯದಲ್ಲಿ ತಾನು ಹೆಣ್ಣು ಎಂಬ ಅರಿವು ಮೂಡಿತು. ಹುಡುಗಿಯರ ಜೊತೆ ಇರಬೇಕು, ಹುಡುಗಿಯರಂತೆ ಉಡಬೇಕು, ಕುಣಿಯಬೇಕು ಎನಿಸಿತು. ಮನೆಯವರು ಅದನ್ನು ರೋಗ ಎಂದುಕೊಂಡರು, ದೆವ್ವ ಎಂದುಕೊಂಡರು. ಕಟ್ಟಿ ಹೊಡೆದದ್ದೂ ಆಯಿತು. ಕೊನೆಗೆ ದೇವಿಯೇ ಮೈಮೇಲೆ ಬಂದಿದ್ದಾಳೆ ಎಂದು ತೀರ್ಮಾನಿಸಿ, ಹೊಸಪೇಟೆಯ ಹತ್ತಿರದ ಹುಲಿಗಿಗೆ ಕರೆದೊಯ್ದು ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿ ದೇವಿಗೆ ಬಿಟ್ಟರು. ಉಡಿದಾರ ಹರಿದರು, ಸೀರೆ ಉಡಿಸಿದರು, ಬಳೆ ತೊಡಿಸಿದರು. ಮಗ ತೀರಿಹೋದ ಎಂಬಂತೆ ತಾಯಿ ಗೋಳಾಡಿದ್ದನ್ನು ಮಂಜಮ್ಮ ಹೇಳಿಕೊಂಡಿದ್ದಾರೆ.

ಆ ತಾಯಿಯ ಅಳುವನ್ನು ನಾನು ಕೀಳಾಗಿ ಕಾಣಲಾರೆ. ಊರು ಏನೆನ್ನುತ್ತದೋ, ಉಳಿದ ಮಕ್ಕಳ ಮದುವೆ ಹೇಗೋ ಎಂಬ ಭಯ ಆ ಅಳುವಿನಲ್ಲಿ ಇತ್ತು. ಭಯ ಹುಟ್ಟಿಸಿದ್ದು ಊರು. ಆದರೆ ಸತ್ತನೆಂಬಂತೆ ಅತ್ತದ್ದು ಯಾರಿಗಾಗಿಯೋ ಆ ಮಗು ಬದುಕಿತ್ತು, ಕಣ್ಣೆದುರೇ ನಿಂತಿತ್ತು, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ದೇವಿಗೆ ಬಿಟ್ಟ ಮೇಲೆ ಮನೆ ಆ ಮಗುವಿನ ಮನೆಯಾಗಿ ಉಳಿಯಲಿಲ್ಲ. ಬದುಕು ಬೇಡವೆನಿಸಿ ಸಾಯಲು ಹೊರಟು ಆಸ್ಪತ್ರೆ ಸೇರಿದ್ದೂ ಆಯಿತು. ಮನೆ ಬಿಟ್ಟು ಬಂದು ಸೀರೆಯುಟ್ಟು ಬೀದಿಯಲ್ಲಿ ಭಿಕ್ಷೆ ಬೇಡಿದರು. ದುಷ್ಕರ್ಮಿಗಳ ಗುಂಪೊಂದು ದಾರಿಯಲ್ಲಿ ಅಡ್ಡಗಟ್ಟಿ ಹಣ ಕಿತ್ತುಕೊಂಡು ಅತ್ಯಾಚಾರ ಮಾಡಿತು. ಇಷ್ಟನ್ನೂ ಅವರು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಿದ್ದಾರೆ. ಯಾಕೆ ಹೇಳಿದರು? ಕೇಳಿದವರು ಅಯ್ಯೋ ಪಾಪ ಎನ್ನಲಿ ಎಂದಲ್ಲ. ಇನ್ನೊಂದು ಮಗುವಿಗೆ ಹೀಗಾಗದಿರಲಿ ಎಂದು ಹೇಳಿದರು ಎಂದೇ ನಾನು ನಂಬಿದ್ದೇನೆ.

ಸಾವಿನ ಅಂಚಿನಲ್ಲಿದ್ದ ಅವರನ್ನು ಹಿಂದಕ್ಕೆ ಎಳೆದದ್ದು ಕಲೆ. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಒಬ್ಬ ತಂದೆ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಅದನ್ನು ನೋಡಿ ಕಲಿಯುವ ಆಸೆ ಹುಟ್ಟಿತು, ಅವರಿಂದಲೇ ಕಲಿತರು. ಆಮೇಲೆ ಕಾಳವ್ವ ಜೋಗತಿ ಎಂಬ ಹಿರಿಯ ಕಲಾವಿದೆ ಗುರುವಾಗಿ ದೊರೆತರು, ತಮ್ಮ ಮೇಳಕ್ಕೆ ಸೇರಿಸಿಕೊಂಡರು. ಮನೆ ಕೊಡದ ಆಸರೆಯನ್ನು ಮೇಳ ಕೊಟ್ಟಿತು. ಕಾಳವ್ವ ತೀರಿಕೊಂಡ ನಂತರ ಮಂಜಮ್ಮ ಮೇಳವನ್ನು ಮುನ್ನಡೆಸಿದರು. ಮರಿಯಮ್ಮನಹಳ್ಳಿಯಲ್ಲಿ ನೆಲೆ ನಿಂತರು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕುಳಿತ ಮೊದಲ ಲಿಂಗತ್ವ ಅಲ್ಪಸಂಖ್ಯಾತರು ಅವರು.

ನಗಿಸುವವರ ಒಳಗೆ ಅಳು ಇದ್ದೇ ಇರುತ್ತದೆ ಎಂಬ ಮಾತನ್ನು ನಾವು ಸಲೀಸಾಗಿ ಆಡುತ್ತೇವೆ. ಅದು ಕಲಾವಿದರ ಹಣೆಬರಹ ಎಂದುಬಿಟ್ಟರೆ ನಮ್ಮ ಜವಾಬ್ದಾರಿ ಮುಗಿಯಿತು. ಕನ್ನಡ ಚಿತ್ರರಂಗದ ನಗೆನಟ ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆ ನೋಡಿಕೊಂಡೇ ನೂರಾರು ಚಿತ್ರಗಳಲ್ಲಿ ಮಾತು ಒಪ್ಪಿಸಿದರು. ನರಸಿಂಹರಾಜು ಕೊನೆಗಾಲದಲ್ಲಿ ಬೆಳೆದ ಮಗನನ್ನು ಕಳೆದುಕೊಂಡ ದುಃಖದಲ್ಲಿ ಬೆಂದರು, 1979ರಲ್ಲಿ ತೀರಿಕೊಂಡರು. ಅಂಥ ದುಃಖಗಳ ಮುಂದೆ ತಲೆ ಬಾಗಬಹುದು, ಅಷ್ಟೇ. ದೇಹದ ಕೊರತೆಯನ್ನೋ ಸಾವನ್ನೋ ಊರು ಸೇರಿ ತಡೆಯಲಾಗದು. ಮಂಜಮ್ಮನವರ ದುಃಖ ಆ ಜಾತಿಯದಲ್ಲ. ಅವರು ಹುಟ್ಟಿದ ಬಗೆಯಿಂದ ಅದು ಬಂದಿಲ್ಲ. ಹೊಡೆದ ಕೈ, ಮುಚ್ಚಿದ ಬಾಗಿಲು, ಹಂಗಿಸಿದ ಬಾಯಿ, ನೋಡಿಯೂ ಸುಮ್ಮನಿದ್ದ ಓಣಿ ಎಲ್ಲ ಸೇರಿ ಅದನ್ನು ಮಾಡಿದವು. ಮನುಷ್ಯರು ಮಾಡಿದ ದುಃಖವನ್ನು ಮನುಷ್ಯರೇ ನಿಲ್ಲಿಸಬಹುದು. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇದೊಂದೇ.

ನಮ್ಮ ಸೀಮೆಗೆ ಇದು ಅರ್ಥವಾಗದ ವಿಷಯವೇನಲ್ಲ. ಇದು ರಂಗಭೂಮಿಯ ನೆಲ. ವಕೀಲಿಕೆ ಮಾಡುತ್ತಲೇ ನಟನೆಯಲ್ಲಿ ಹೆಸರಾದ ಬಳ್ಳಾರಿ ರಾಘವರ ಊರು. ನಗರದ ಮಧ್ಯೆ ಅವರ ಹೆಸರಿನ ಕಲಾಮಂದಿರವಿದೆ. ಸುಭದ್ರಮ್ಮ ಮನ್ಸೂರು ಹಾಡಿದ, ಬೆಳಗಲ್ಲು ವೀರಣ್ಣ ತೊಗಲುಗೊಂಬೆ ಆಡಿಸಿದ ಊರು. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಬಯಲಾಟ ನಡೆದರೆ ಮೀಸೆ ಬೋಳಿಸಿಕೊಂಡ ಗಂಡಸರೇ ದ್ರೌಪದಿಯಾಗುತ್ತಾರೆ, ದಮಯಂತಿಯಾಗುತ್ತಾರೆ. ಅವರ ಸೀರೆಯ ನೆರಿಗೆ, ನಡಿಗೆ, ಒಯ್ಯಾರ ನೋಡಿ ಊರೆಲ್ಲ ಭೇಷ್ ಎನ್ನುತ್ತದೆ, ಹೆಣ್ಣೇ ನಾಚಬೇಕು ಎಂದು ಹೊಗಳುತ್ತದೆ. ಬೆಳಗಾಗಿ ಬಣ್ಣ ತೊಳೆದ ಮೇಲೆ ಆತ ಮತ್ತೆ ಗಂಡಸಾಗುತ್ತಾನೆ ಎಂಬ ಭರವಸೆ ಇರುವ ತನಕ ನಮಗೆ ಆ ಸೀರೆ ಚೆಂದ. ತೊಳೆದರೂ ಹೋಗದ ಹೆಣ್ತನ ಮಗುವಿನಲ್ಲಿ ಕಂಡರೆ ಅದೇ ಸೀರೆ ಅಪರಾಧ. ವೇಷಕ್ಕೆ ಚಪ್ಪಾಳೆ, ಬದುಕಿಗೆ ಬಡಿಗೆ. ಇದು ಯಾವ ನ್ಯಾಯ?

ಇನ್ನು ಧರ್ಮದ ಮಾತು. ಮುತ್ತು ಕಟ್ಟುವುದು ಗೌರವವಲ್ಲವೇ, ದೇವಿಯ ಮಗಳಾದರೆ ಮರ್ಯಾದೆ ಸಿಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನಂಬಿಕೆಯಿಂದ, ಬುದ್ಧಿ ಬಲಿತ ಮೇಲೆ, ತಾನಾಗಿ ಆ ದಾರಿ ಹಿಡಿದವರ ಭಕ್ತಿಯ ಮುಂದೆ ನಾನು ಕೈಮುಗಿಯುತ್ತೇನೆ. ಎಲ್ಲಮ್ಮ, ಹುಲಿಗೆಮ್ಮ ಎಷ್ಟೋ ಅನಾಥರಿಗೆ ನೆರಳು ಕೊಟ್ಟ ತಾಯಂದಿರು. ಆದರೆ ಮಗುವನ್ನು ಮನೆಯಿಂದ ಹೊರಗೆ ಹಾಕಲು ಹುಡುಕಿದ ಮರ್ಯಾದಸ್ಥ ದಾರಿಯಾಗಿ ದೇವಿಯನ್ನು ಬಳಸಿಕೊಂಡರೆ ಅದು ಭಕ್ತಿ ಹೇಗಾದೀತು? ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದು ತಪ್ಪೆಂದು ಕರ್ನಾಟಕ 1982ರಲ್ಲೇ ಕಾಯ್ದೆ ಮಾಡಿತು. ಮಂಜಮ್ಮನಂಥ ಮಕ್ಕಳ ಮುಂದೆ ಮಾತ್ರ ದೇವಸ್ಥಾನದ ಬಾಗಿಲು ಬಿಟ್ಟು ಬೇರೆ ಬಾಗಿಲು ತೆರೆದಿರಲಿಲ್ಲ. ಒಂದೇ ಬಾಗಿಲು ತೆರೆದಿಟ್ಟು, ಅವರೇ ಇಷ್ಟಪಟ್ಟು ಒಳಗೆ ಹೋದರು ಎನ್ನುವುದು ಸುಳ್ಳು.

ಕಾಗದದ ಮೇಲೆ ಬಾಗಿಲುಗಳು ತೆರೆದಿವೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ತೃತೀಯ ಲಿಂಗಿಗಳಿಗೆ ಸಂವಿಧಾನದ ಎಲ್ಲ ಹಕ್ಕುಗಳೂ ಇವೆ ಎಂದು ತೀರ್ಪು ಕೊಟ್ಟಿತು. 2019ರಲ್ಲಿ ಸಂಸತ್ತು ಅವರ ಹಕ್ಕುಗಳ ರಕ್ಷಣೆಗೆಂದು ಕಾಯ್ದೆ ಮಾಡಿತು. ಮಗು ತೃತೀಯ ಲಿಂಗಿ ಎಂಬ ಕಾರಣಕ್ಕೆ, ನ್ಯಾಯಾಲಯದ ಆದೇಶವಿಲ್ಲದೆ, ಹೆತ್ತವರಿಂದ ಬೇರ್ಪಡಿಸಬಾರದು ಎಂದು ಆ ಕಾಯ್ದೆಯ 12ನೇ ಕಲಂ ಹೇಳಿತು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೇಮಕಾತಿಗಳಲ್ಲಿ ಶೇ 1ರ ಮೀಸಲಾತಿ ತಂದಿತು. ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. ತಿಂಗಳ ಪಿಂಚಣಿಗೆ ಮೈತ್ರಿ ಯೋಜನೆ ಇದೆ.

ಆದರೆ ಕಾನೂನಿನ ಮನಸ್ಸೂ ಪೂರ್ತಿ ಶುದ್ಧವಾಗಿರಲಿಲ್ಲ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತೃತೀಯ ಲಿಂಗಿಗಳನ್ನು ಹುಟ್ಟು ಕಳ್ಳರಂತೆ ಪಟ್ಟಿ ಮಾಡಿತ್ತು. 140 ವರ್ಷಗಳ ಬಳಿಕ, 2011ರಲ್ಲಿ, ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36ಎ ಕಲಂ ಅದೇ ಧಾಟಿಯಲ್ಲಿ ಇವರ ಹೆಸರು ದಾಖಲಿಸಿಡಲು ಅಧಿಕಾರ ಕೊಟ್ಟಿತು. ಸಮುದಾಯದವರು ಹೈಕೋರ್ಟಿನವರೆಗೆ ಹೋಗಿ ಹೋರಾಡಿದ ಮೇಲಷ್ಟೇ ಆ ಕಲಂನಲ್ಲಿ ಇವರನ್ನು ಗುರಿ ಮಾಡಿದ್ದ ಪದ ಹೋಯಿತು. 2019ರ ಕಾಯ್ದೆಯೂ ಇವರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಗರಿಷ್ಠ 2 ವರ್ಷದ ಸಜೆಯನ್ನಷ್ಟೇ ನಿಗದಿ ಮಾಡಿತು. ಮಹಿಳೆಯ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ ಶಿಕ್ಷೆಯೇ 10 ವರ್ಷ. ಒಂದೇ ನೋವಿಗೆ ಎರಡು ಬೆಲೆ ಕಟ್ಟಿದ ಹಾಗಾಯಿತು. ಮಂಜಮ್ಮನವರ ಕಥೆ ಓದಿದವರಿಗೆ ಆ 2 ವರ್ಷವೆಂಬುದು ಎಂಥ ಅವಮಾನ ಎಂದು ಬಿಡಿಸಿ ಹೇಳಬೇಕಾಗಿಲ್ಲ.

2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎರಡೂ ಅಲ್ಲದೆ ‘ಇತರೆ’ ಎಂದು ದಾಖಲಾದವರು ದೇಶದಲ್ಲಿ ಸುಮಾರು 4.87 ಲಕ್ಷ. ಹೆದರಿ ಹೇಳಿಕೊಳ್ಳದವರು ಆ ಲೆಕ್ಕದಲ್ಲಿಲ್ಲ. ಇವರೆಲ್ಲರಿಗೂ ಪದ್ಮಶ್ರೀ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಎಲ್ಲರಿಗೂ ಕೊಡ ಹೊತ್ತು ಕುಣಿಯಲು ಬರುವುದಿಲ್ಲ. ಕೆಲವರಿಗೆ ಲೆಕ್ಕ ಇಷ್ಟ, ಕೆಲವರಿಗೆ ಹೊಲಿಗೆ ಇಷ್ಟ, ಕೆಲವರಿಗೆ ಮಕ್ಕಳಿಗೆ ಪಾಠ ಹೇಳುವುದು ಇಷ್ಟ. ಮಂಜಮ್ಮನವರು ಗೆದ್ದರಲ್ಲ, ಉಳಿದವರೂ ಕಷ್ಟಪಟ್ಟು ಗೆಲ್ಲಲಿ ಎನ್ನುವವರಿಗೆ ನನ್ನದೊಂದು ಪ್ರಶ್ನೆ: ನಿಮ್ಮ ಮಗನಿಗೆ ಒಂದು ತುತ್ತು ಅನ್ನ, ಒಂದು ಕೋಣೆ, ಒಂದು ಒಳ್ಳೆಯ ಮಾತು ಸಿಗಬೇಕಾದರೆ ಅವನು ಮೊದಲು ರಾಷ್ಟ್ರಪತಿಗಳಿಂದ ಪದಕ ತರಬೇಕೇ? ಕುಣಿಯಲು ಬಾರದ ಮಗುವಿಗೂ ಮನೆ ಬೇಕು. ಪ್ರತಿಭೆ ಇದ್ದರೆ ಮಾತ್ರ ಮನುಷ್ಯರು ಎಂದು ನಾವು ಬೇರಾವ ಮಕ್ಕಳಿಗೂ ಹೇಳುವುದಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ.

ಹೆತ್ತವರೇ, ಮೊದಲ ಮಾತು ನಿಮಗೆ. ನಿಮ್ಮ ಮಗ ಅಕ್ಕನ ದಾವಣಿ ಉಟ್ಟು ಕನ್ನಡಿ ಮುಂದೆ ನಿಂತರೆ, ನಿಮ್ಮ ಮಗಳು ಹುಡುಗನಂತೆ ಇರಬೇಕೆಂದು ಹಟ ಹಿಡಿದರೆ, ಕೈ ಎತ್ತಬೇಡಿ. ಕಟ್ಟಿಹಾಕಬೇಡಿ. ಮಂತ್ರ ಹಾಕಿಸಲು, ಬರೆ ಎಳೆಸಲು ಕರೆದೊಯ್ಯಬೇಡಿ. ಹೊಡೆತದಿಂದ ಈ ಅರಿವು ಅಳಿಯುವುದಿಲ್ಲ, ಮಗು ಅಳಿಯುತ್ತದೆ. ದೇವಿಗೆ ಬಿಟ್ಟು ಕೈತೊಳೆದುಕೊಳ್ಳಬೇಡಿ. ಶಾಲೆ ಬಿಡಿಸಬೇಡಿ, ಯಾಕೆಂದರೆ ಎಸ್ಸೆಸ್ಸೆಲ್ಸಿ ಮುಗಿಸದವರಿಗೆ ಶೇ 1ರ ಮೀಸಲಾತಿ ಇದ್ದೂ ಇಲ್ಲದಂತೆ. ಹೊಲ ಮನೆಯ ಪಾಲಿನಲ್ಲಿ ಆ ಮಗುವಿನ ಹೆಸರು ಹೊಡೆದುಹಾಕಬೇಡಿ. ಬಂಧುಗಳು ಆಡಿಕೊಂಡರೆ ಎಂದು ಅಂಜಬೇಡಿ. ಆಡಿಕೊಂಡವರು ನಾಲ್ಕು ದಿನ ಆಡಿಕೊಳ್ಳುತ್ತಾರೆ. ಬೀದಿಪಾಲಾದ ಮಗುವಿನ ನೋವು ನಿಮ್ಮನ್ನು ಸಾಯುವ ತನಕ ಬಿಡುವುದಿಲ್ಲ. ದಿಕ್ಕು ತೋಚದಿದ್ದರೆ, ಮಗು ಸಾವಿನ ಮಾತಾಡಿದರೆ, ತಡಮಾಡದೆ ಸರ್ಕಾರದ ಟೆಲಿಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡಿಲ್ಲ, ಹೊತ್ತಿನ ಮಿತಿಯಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೇಷ್ಟ್ರೇ, ಟೀಚರೇ, ನಡಿಗೆಯನ್ನೋ ದನಿಯನ್ನೋ ಅಣಕಿಸಿ ತರಗತಿ ನಕ್ಕಾಗ ನೀವು ಸುಮ್ಮನಿದ್ದರೆ, ನೀವೂ ನಕ್ಕಂತೆಯೇ ಆ ಮಗುವಿಗೆ ಅನಿಸುತ್ತದೆ. ಶಾಲೆ ಬಿಡುವ ನಿರ್ಧಾರ ಎಷ್ಟೋ ಮಕ್ಕಳು ಮಾಡುವುದು ಅಂಥ ಒಂದು ಗಳಿಗೆಯಲ್ಲಿ. ಶೌಚಾಲಯಕ್ಕೆ ಹೋಗಲು ಹೆದರುವ ಮಗುವನ್ನು ಗುರುತಿಸಿ, ದಾರಿ ಮಾಡಿಕೊಡಿ. ಮಂಜಮ್ಮ ಜೋಗತಿ ಯಾರೆಂದು ಕುರುಗೋಡು ತಾಲ್ಲೂಕಿನ ಪ್ರತಿ ಶಾಲೆಯ ಮಕ್ಕಳಿಗೂ ಹೇಳಿ. ಪ್ರಶಸ್ತಿಯ ಕಥೆಯನ್ನಷ್ಟೇ ಹೇಳಿ ನಿಲ್ಲಿಸಬೇಡಿ, ಅವರು ಉಂಡ ನೋವನ್ನೂ ಮಕ್ಕಳ ವಯಸ್ಸಿಗೆ ತಕ್ಕಂತೆ ತಿಳಿಸಿ.

ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆ ನಡೆಸುವವರೇ, ಹಂಪಿ ಉತ್ಸವ, ಬಳ್ಳಾರಿ ಉತ್ಸವ ನಡೆಸುವ ಅಧಿಕಾರಿಗಳೇ, ಜೋಗತಿಯರ ಮೇಳವನ್ನು ಕರೆಸಿದರೆ ಕಲಾವಿದರೆಂದೇ ಕರೆಸಿ. ಬಟ್ಟೆ ಬದಲಿಸಲು ಮರೆಯಿರುವ ಕೋಣೆ ಕೊಡಿ. ಉಳಿದ ಕಲಾವಿದರ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿ. ಸಂಭಾವನೆಯನ್ನು ಆಟ ಮುಗಿದ ಕೂಡಲೇ ಕೈಗೆ ಕೊಡಿ, ತಿಂಗಳುಗಟ್ಟಲೆ ಅಲೆಸಬೇಡಿ. ರಾತ್ರಿ ಅವರು ಸುರಕ್ಷಿತವಾಗಿ ಊರು ಸೇರುವಂತೆ ವಾಹನದ ವ್ಯವಸ್ಥೆ ಮಾಡಿ.

ಬಳ್ಳಾರಿಯ ಜೀನ್ಸ್ ಘಟಕಗಳ ಮಾಲೀಕರೇ, ಸಿರುಗುಪ್ಪದ ರೈಸ್ ಮಿಲ್ಲುಗಳ ಸಾಹುಕಾರರೇ, ಕೆಲಸ ಕೇಳಿ ಬಂದವರ ಕೈಗೆಲಸ ನೋಡಿ, ಉಟ್ಟ ಬಟ್ಟೆ ನೋಡಬೇಡಿ. ಭಿಕ್ಷೆ ಬೇಡುತ್ತಾರೆ ಎಂದು ಬೈಯುವ ನಾವು, ಬೇಡದೆ ಬದುಕಲು ಒಂದು ಕೆಲಸ ಕೊಡಲಿಲ್ಲ. ಬಾಡಿಗೆ ಮನೆ ಇರುವವರೇ, ಅಡ್ವಾನ್ಸ್ ಕೊಡಲು ಸಿದ್ಧರಿದ್ದವರಿಗೂ ‘ಮನೆ ಖಾಲಿಯಿಲ್ಲ’ ಎಂದು ಬಾಗಿಲು ಹಾಕಬೇಡಿ.

ಪೊಲೀಸ್ ಠಾಣೆಯಲ್ಲಿ ಕೂತವರೇ, ದೂರು ಕೊಡಲು ಬಂದವರನ್ನು ನಗೆಯಾಡಿ ಕಳಿಸಬೇಡಿ, ದೂರು ಬರೆದುಕೊಳ್ಳಿ. ತಾಲ್ಲೂಕು ಕಚೇರಿಯವರೇ, ಗುರುತಿನ ಚೀಟಿಗೂ ಪಿಂಚಣಿಗೂ ಅಲೆಯುವವರಲ್ಲಿ ಹೆಚ್ಚಿನವರಿಗೆ ಹೆತ್ತವರ ಮನೆಯ ರೇಷನ್ ಕಾರ್ಡಿನಲ್ಲಿ ಹೆಸರಿಲ್ಲ, ವಿಳಾಸದ ದಾಖಲೆಯಿಲ್ಲ. ಇಲ್ಲದ ಕಾಗದವನ್ನೇ ಪದೇಪದೇ ಕೇಳಿ ಹಿಂದಕ್ಕೆ ಕಳಿಸಿದರೆ ಯೋಜನೆ ಇದ್ದು ಏನು ಫಲ?

ಯುವಕರೇ, ಮೊಬೈಲ್ ಹಿಡಿದು ಜೋಗತಿಯರನ್ನು ಹಿಂಬಾಲಿಸುವ ತಮ್ಮಂದಿರೇ, ಹತ್ತರ ನೋಟು ತೋರಿಸಿ ಕುಣಿಸಿ, ಆ ವಿಡಿಯೊಗೆ ಅಣಕದ ಹಾಡು ಸೇರಿಸಿ ಹಂಚುವುದು ತಮಾಷೆಯಲ್ಲ. ಅದನ್ನು ಅವರ ತಾಯಿ ನೋಡಬಹುದು. ನಿಮ್ಮದೇ ಓಣಿಯಲ್ಲಿ, ತನ್ನ ಮನಸ್ಸಿನ ಮಾತನ್ನು ಯಾರಿಗೂ ಹೇಳಲಾರದ ಹದಿಮೂರರ ಮಗುವೊಂದು ನೋಡಬಹುದು. ಮುಂದೆ ತನ್ನ ಗತಿಯೂ ಇದೇ ಎಂದು ಅದು ಅಂದುಕೊಳ್ಳುತ್ತದೆ. ಆ ಮಗುವನ್ನು ನೀವು ಕಾಣದೆಯೇ ಕೊಲ್ಲುತ್ತಿದ್ದೀರಿ. ಗೆಳೆಯರು ಕೂಗಿದಾಗ ಒಬ್ಬನಾದರೂ ‘ಸುಮ್ಮನಿರೋ’ ಎನ್ನಲಿ. ಒಬ್ಬನ ಆ ಒಂದು ಮಾತು ಸಾಕು, ಗುಂಪಿನ ಧೈರ್ಯ ಇಳಿಯುತ್ತದೆ.

ಮಂಜಮ್ಮ ಜೋಗತಿ ತಮ್ಮನ್ನು ಹೊರಹಾಕಿದ ನೆಲಕ್ಕೆ ಕೀರ್ತಿ ತಂದುಕೊಟ್ಟರು, ನಗೆ ತಂದುಕೊಟ್ಟರು, ಹರಸಿದರು. ಕಲ್ಲುಕಂಬದ ಮಗುವಿಗೆ ನಾವು ಕೊಟ್ಟದ್ದು ಏಟು, ಹಸಿವು, ಅವಮಾನ. ಆ ಋಣ ಸನ್ಮಾನದ ಶಾಲಿನಿಂದ ತೀರುವುದಿಲ್ಲ, ಹಾರದಿಂದ ತೀರುವುದಿಲ್ಲ. ಬಳ್ಳಾರಿಯಲ್ಲಾಗಲಿ, ಸಿರುಗುಪ್ಪದಲ್ಲಾಗಲಿ, ಕುರುಗೋಡಿನಲ್ಲಾಗಲಿ ಇನ್ನೊಂದು ಮಗು ತಾನು ತಾನಾಗಿರುವುದಕ್ಕೆ ಮನೆ ಬಿಟ್ಟು ಹೋಗದ ದಿನ ಅದು ತೀರುತ್ತದೆ. ಆ ಮಗು ಇವತ್ತು ನಿಮ್ಮ ಮನೆಯಲ್ಲೇ ಇರಬಹುದು. ಮಗುವಿನ ಕೈ ಬಿಡಬೇಡಿ.